ಎರಡೂ ಎಡಗೈ

ಎರಡೂ ಎಡಗೈಯವು.

ಮೊದಲು ನಾನೇ ಕೈಗವಸುಗಳನ್ನು ತಪ್ಪಾಗಿ ಹಾಕಿಕೊಂಡಿರಬೇಕು ಅಂದುಕೊಂಡೆ. ಬಲಗೈಯದನ್ನು ತೆಗೆದು ತಿರುಗಿಸಿ ಹಾಕಿದೆ. ಹೆಬ್ಬೆರಳೇನೋ ಸರಿಯಾದ ಕಡೆ ಬಂತು. ಆದರೆ ಅಂಗೈಗೆ ಇರಬೇಕಾದ ದಪ್ಪ ಮೆತ್ತೆ ಕೈಯ ಹಿಂಬದಿಗೆ ಹೋಗಿ ಕೂತಿತು. ಇರಲಿ ಎಂದು ಹಾಗೇ ಸ್ಟೀರಿಂಗ್ ಹಿಡಿದೆ. ಜೂನ್ ತಿಂಗಳು, ಕತಾರಿನ ದುಖಾನ್, ಮಧ್ಯಾಹ್ನ ಮೂರೂವರೆ. ಬೆಳಗಿನಿಂದ ನೆರಳಿಲ್ಲದ ಪಾರ್ಕಿಂಗಿನಲ್ಲಿ ನಿಂತಿದ್ದ ಕಾರು. ಎಡಗೈಗೆ ಏನೂ ಆಗಲಿಲ್ಲ. ಬಲಗೈ ಸುಟ್ಟಿತು.

"ಎಂತ ಯತಿ, ಹೊರಡುವುದಿಲ್ವಾ?" ಹಿಂದಿನ ಸೀಟಿನಿಂದ ಬ್ರಿಜಿಟ್ ಆಂಟಿ ಕೇಳಿದರು. ಉಡುಪಿಯವರು. ನಮ್ಮ ಆಫೀಸಿನ ಅಡ್ಮಿನ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ.

"ಎರಡೂ ಎಡಗೈಯವು, ಆಂಟಿ."

"ಕೊಡು, ನೋಡುವ."

ಎರಡನ್ನೂ ತೊಡೆಯ ಮೇಲೆ ಜೋಡಿಸಿಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು. "ಹೌದು ಮಾರಾಯ. ಆದ್ರೆ ಅರುಂಧತಿ ಇಂಥ ತಪ್ಪು ಮಾಡುವ ಜನ ಅಲ್ಲ."

ನನ್ನ ತಲೆ ಕೆಟ್ಟಿದ್ದೇ ಅದಕ್ಕೆ.

ಅರುಂಧತಿ ನವಲಗುಂದದವಳು. ಎಂಟು ತಿಂಗಳಿಂದ ನಾವು ಮೂವರೂ ಅಲ್ ರಯ್ಯಾನ್‌ನಿಂದ ದುಖಾನ್‌ಗೆ ನನ್ನ ಕಾರಿನಲ್ಲೇ ಹೋಗಿಬರುತ್ತಿದ್ದೆವು. ಆಂಟಿಗೆ ಮಂಡಿನೋವು, ಹಿಂದೆ ಕಾಲು ಚಾಚಿ ಕೂರಬೇಕು. ಹಾಗಾಗಿ ಅರುಂಧತಿ ಮುಂದೆ, ನನ್ನ ಪಕ್ಕ. ಒಂದು ಗಂಟೆಯ ದಾರಿಯಲ್ಲಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅವಳ ಬಿಲ್ಡಿಂಗಿನ ಕೆಳಗೆ ಹೆಂಗಸರ ಕಪ್ಪು ನಿಲುವಂಗಿ, ಅಬಾಯಾ, ಹೊಲಿಯುವ ಅಂಗಡಿ ಇದೆ. ಅಲ್ಲಿಯ ಕಪ್ಪು ತುಂಡುಗಳು, ಆಂಟಿ ಮನೆಯ ಹಳೇ ಕರ್ಟನ್, ಯಾರದೋ ಕಾಲು ಕತ್ತರಿಸಿದ ಜೀನ್ಸ್, ಎಲ್ಲ ಅವಳ ಚೀಲದಲ್ಲಿರುತ್ತಿದ್ದವು. ಅಜ್ಜಿಯಿಂದ ಕಲಿತ ಕೌದಿಯ ಹೊಲಿಗೆ, ಒತ್ತೊತ್ತಾಗಿ, ಸಾಲು ಸಾಲು. ಅದರಲ್ಲೇ ಆಂಟಿಯ ಬೆನ್ನಿಗೆ ದಿಂಬು, ಮೂವರ ಡಬ್ಬಿಗೂ ಚೀಲ, ಸುಡುವ ಸೀಟ್‌ಬೆಲ್ಟ್ ಬಕಲ್‌ಗೆ ಒಂದು ಪುಟ್ಟ ಟೋಪಿ. ಅವಳು ತಲೆ ಎತ್ತುತ್ತಿದ್ದದ್ದು ಒಂದೇ ಕಾರಣಕ್ಕೆ.

"ಕ್ಯಾಮೆರಾ ಬಂತ್ರಿ, ಸಾವಕಾಶ."

ನಾನು ಬೇಕೆಂದೇ ಸ್ವಲ್ಪ ಜೋರಾಗಿ ಓಡಿಸುತ್ತಿದ್ದೆ, ಆ ಮಾತು ಕೇಳಲಿಕ್ಕೆ.

ಮೇ ತಿಂಗಳಲ್ಲಿ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ, "ಒಂದ್ ನಿಮಿಷ ಕೈ ಕೊಡ್ರಿ" ಎಂದಳು. ಬಲಗೈಯಲ್ಲಿ ಕಾರ್ಡ್ ಇತ್ತು. ಎಡಗೈ ಕೊಟ್ಟೆ. ಡಬ್ಬಿ ಸುತ್ತಿದ್ದ ಪೇಪರಿನ ಮೇಲೆ ಅದನ್ನು ಬೋರಲಾಗಿ ಇಡಿಸಿ, ಪೆನ್ನಿನಿಂದ ಸುತ್ತಲೂ ಗೆರೆ ಎಳೆದಳು. ಪೆನ್ನಿನ ತುದಿ ಹೆಬ್ಬೆರಳಿನ ಸಂದಿಯಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಯಿತು. ಹಿಂದಿನಿಂದ ಬ್ರಿಜಿಟ್ ಆಂಟಿ, "ಭವಿಷ್ಯ ನೋಡ್ಲಿಕ್ಕೆ ಅಂಗೈ ಮೇಲೆ ಇರ್ಬೇಕು ಮಗಾ" ಎಂದರು. ಅರುಂಧತಿ ನಗಲಿಲ್ಲ. ಆದರೆ ಅವಳ ಕಿವಿ ಕೆಂಪಗಾಯಿತು. ಎಸಿ ಓಡುತ್ತಿತ್ತು, ಆದ್ದರಿಂದ ಬಿಸಿಲಿಗಲ್ಲ. ಬಿಸಿಲಿಗೂ ಇರಬಹುದು. ನನಗೆ ಗೊತ್ತಾಗಲಿಲ್ಲ.

ಈಗ ಅವಳಿಗೆ ಅಲ್ ಶಮಾಲ್‌ನ ಸೈಟಿಗೆ ವರ್ಗವಾಗಿದೆ. ನಾವು ಪಶ್ಚಿಮಕ್ಕೆ, ಅವಳು ಉತ್ತರಕ್ಕೆ, ಭಾನುವಾರದಿಂದ. ಗುರುವಾರ ಹೇಳಿಬಿಡುತ್ತೇನೆ ಎಂದು ಒಂದು ವಾರದಿಂದ ಮಾತು ಜೋಡಿಸುತ್ತಿದ್ದೆ. ಗುರುವಾರ ಬೆಳಿಗ್ಗೆ ಅವಳು ಆಫೀಸಿನ ಮುಂದೆ ಇಳಿದು, ಒಂದು ಪೊಟ್ಟಣವನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು, "ಸಂಜಿಮುಂದ ತೆಗೀರಿ. ನಾ ಇವತ್ತ ಸೈಟ್ ಗಾಡ್ಯಾಗ ಹೋಗ್ತೀನಿ" ಎಂದಳು. ನನ್ನ ಮಾತು ಬಾಯಲ್ಲೇ ಉಳಿಯಿತು.

ಆ ಪೊಟ್ಟಣದಲ್ಲಿದ್ದದ್ದೇ ಈ ಕೈಗವಸುಗಳು.

ಶುಕ್ರವಾರ ಇಲ್ಲಿ ವಾರದ ರಜೆ. ಬೆಳಿಗ್ಗೆ ಅವನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಕೂತೆ. ಹೊರಗೆ ಕಪ್ಪು ಬಟ್ಟೆ, ನಡುವೆ ಕರ್ಟನ್ನಿನ ಹಳದಿ ಹೂವು, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಹೀಗೆ ಹೊಲಿದವಳಿಗೆ ಎಡ ಬಲ ಗೊತ್ತಿಲ್ಲವೇ? ಎಡಗೈ ಅಳತೆ ಮಾತ್ರ ಇತ್ತು, ಅದಕ್ಕೇ ಹೀಗಾಗಿರಬಹುದು. ಆದರೆ ಪೇಪರ್ ಮಗುಚಿದರೆ ಬಲಗೈ ಆಯಿತಲ್ಲ. ಹಾಗಾದರೆ ಗೇಲಿಯೇ? ಎಂಟು ತಿಂಗಳು ಪಕ್ಕದಲ್ಲಿ ಕೂತು ಬಾಯಿಬಿಡದವನಿಗೆ, ನಿಮ್ಮ ಎರಡೂ ಕೈ ಒಂದೇ, ಕೆಲಸಕ್ಕೆ ಬಾರದ್ದು ಅಂತಲೇ?

ಒಂದನ್ನು ಒಳಮಗ್ಗುಲಾಗಿ ತಿರುಗಿಸಿದೆ. ಒಳಗೆ ಕೈಗೆ ತಾಗುವ ಕಡೆ ಕೆಂಪು ಚೌಕುಳಿಯ ಟವೆಲ್.

ಅದು ನನ್ನದು. ಮೈಸೂರಿನಿಂದ ತಂದದ್ದು. ಬೇಸಿಗೆಯಲ್ಲಿ ಅದನ್ನೇ ಒದ್ದೆ ಮಾಡಿ ಸ್ಟೀರಿಂಗ್ ಹಿಡಿಯುತ್ತಿದ್ದೆ. ಹರಿದಿದೆ, ಬಿಸಾಕಬೇಕು ಎಂದು ಒಮ್ಮೆ ಅಂದಿದ್ದೆ. ಏಪ್ರಿಲ್‌ನಲ್ಲಿ ಕಾಣೆಯಾಯಿತು. ಎಲ್ಲೋ ಬಿದ್ದುಹೋಗಿರಬೇಕು ಅಂದುಕೊಂಡಿದ್ದೆ.

ಈಗ ಇನ್ನೂ ಗೊಂದಲವಾಯಿತು. ನನ್ನ ವಸ್ತುವನ್ನು ಅವಳು ಇಟ್ಟುಕೊಂಡಿದ್ದಳು ಎಂದು ಸಂತೋಷಪಡಬೇಕೋ, ಹೋಗುವಾಗ ಹೊಲಿದು ವಾಪಸ್ ಕೊಟ್ಟಳು ಎಂದು ಬೇಜಾರು ಮಾಡಿಕೊಳ್ಳಬೇಕೋ?

ಹನ್ನೊಂದಕ್ಕೆ ಅವಳ ಮೆಸೇಜ್ ಬಂತು. "ಗ್ಲೌಸ್ ಸರಿ ಆದುವೇನ್ರಿ?"

ಎರಡೂ ಎಡಗೈ ಎಂದು ಟೈಪ್ ಮಾಡಿದೆ. ದೂರು ಹೇಳಿದಂತೆ ಕಂಡಿತು. ಅಳಿಸಿದೆ. ಟವೆಲ್ ಬಗ್ಗೆ ಬರೆದೆ. ಕಳ್ಳತನ ಹಿಡಿದಂತೆ ಕಂಡಿತು. ಅಳಿಸಿದೆ. ಕೊನೆಗೆ ಬರೆದೆ, "ಸರಿಯಾಗಿವೆ. ತುಂಬಾ ಚೆನ್ನಾಗಿವೆ. ಥ್ಯಾಂಕ್ಸ್."

"ಹೌದ? ಛಲೋ ಆತು."

ಅಷ್ಟೇ. ಆಮೇಲೆ ಏನೂ ಇಲ್ಲ. ಎಂಟು ತಿಂಗಳಲ್ಲಿ ಅವಳು ಹೀಗೆ ಮೊಟಕಾಗಿ ಬರೆದದ್ದೇ ಇಲ್ಲ.

ಪೂಜೆ ಮುಗಿಸಿ ಚರ್ಚಿನಿಂದ ಬಂದ ಬ್ರಿಜಿಟ್ ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಸರಿಯಾಗಿವೆ ಅಂತ ಎಂತಕ್ಕೆ ಸುಳ್ಳು ಹೇಳಿದ್ದು?"

"ಬೇಜಾರಾಗ್ಬಾರ್ದು ಅಂತ."

"ಯಾರಿಗೆ?"

ಮೇಜಿನ ಮೇಲಿದ್ದ ಗ್ಲೌಸನ್ನು ಮಗುಚಿಟ್ಟೆ.

"ನೋಡು ಯತಿ, ನಾನು ಐವತ್ತೆಂಟು ವರ್ಷ ಒಬ್ಬಳೇ ಇದ್ದವಳು. ಪ್ರೀತಿ ವಿಷಯದಲ್ಲಿ ನನ್ನನ್ನು ಕೇಳುವುದು ಅಂದ್ರೆ ಮೀನಿನ ರೇಟು ಭಟ್ರ ಹತ್ರ ಕೇಳಿದ ಹಾಗೆ. ಆದ್ರೂ ಹೇಳ್ತೇನೆ. ಅವಳು ನಾಳೆ ಸಂಜೆ ಐದಕ್ಕೆ ಆ ಹಳೇ ಮಾರ್ಕೆಟ್ ಹಿಂದೆ ಕಾರು ಕಲೀತಾಳೆ. ಲೈಸೆನ್ಸ್ ಸಿಕ್ಕಿದೆ, ಧೈರ್ಯ ಸಿಗ್ಲಿಲ್ಲ. ಹೋಗು. ಬಾಯಿ ತಕ್ಕೊಂಡು ಹೋಗು."

ಶನಿವಾರ ಐದಕ್ಕೆ ಮಾರ್ಕೆಟ್ ಹಿಂದಿನ ಬಯಲಿನಲ್ಲಿ ಒಂದು ಬಿಳೀ ಸೆಕೆಂಡ್ ಹ್ಯಾಂಡ್ ಕಾರು ಬಸವನಹುಳುವಿನ ಹಾಗೆ ಸುತ್ತುತ್ತಿತ್ತು. ನನ್ನನ್ನು ಕಂಡದ್ದೇ ಗಕ್ಕನೆ ನಿಂತಿತು. ಗಾಜು ಇಳಿಯಿತು.

"ನೀವ್ಯಾಕ ಬಂದ್ರಿ?" ಕಣ್ಣಿಗೆ ತಂಪು ಕನ್ನಡಕ, ಮುಖ ಬಿಗಿ.

"ಮಾತಾಡ್ಬೇಕಿತ್ತು."

"ಹೇಳ್ರಿ."

"ಬಿಸಿಲು."

ಬಾಗಿಲ ಲಾಕ್ ತೆಗೆದಳು. ಪಕ್ಕದ ಸೀಟಿನಲ್ಲಿ ಕೂತೆ. ಇಷ್ಟು ದಿನ ಅವಳು ಕೂರುತ್ತಿದ್ದ ಕಡೆ. ಎಲ್ಲ ತಿರುಗುಮುರುಗಾದಂತೆ ಅನಿಸಿತು. ನನ್ನ ಶರ್ಟಿನ ಜೇಬು, ಕೈ, ಕಾಲು ಯಾವುದೂ ಇರುವ ಜಾಗದಲ್ಲಿರಲಿಲ್ಲ.

"ಆ ಗ್ಲೌಸು..." ಎಂದೆ.

"ತುಂಬಾ ಚೆನ್ನಾಗಿವೆ ಅಂದ್ರಲ್ರಿ." ಮೈಸೂರಿನ ನನ್ನ ರಾಗವನ್ನೇ ತೆಗೆದು ಅಂದಳು. "ನೀವು ಪೊಟ್ಟಣಾನ ಬಿಚ್ಚಿಲ್ಲ. ಡಿಕ್ಕ್ಯಾಗ ಒಗದೀರಿ. ಇರ್ಲಿ ಬಿಡ್ರಿ. ಉಳದ ಬಟ್ಟಿವು."

"ಬಿಚ್ಚಿದೆ. ಹಾಕ್ಕೊಂಡೆ."

"ಹಾಕ್ಕೊಂಡಿದ್ರ ಸರಿ ಅದಾವು ಅಂತಿದ್ದಿಲ್ಲ ನೀವು."

ನಾನು ಬಲಗೈ ಅವಳ ಮುಂದೆ ಹಿಡಿದೆ. ಅಂಗೈಗೆ ಅಡ್ಡಲಾಗಿ ಸ್ಟೀರಿಂಗಿನ ದಪ್ಪದ ಕೆಂಪು ಪಟ್ಟಿ, ಒಂದು ಕಡೆ ಬೊಬ್ಬೆ.

ಅವಳು ಕನ್ನಡಕ ತೆಗೆದಳು. ತುಂಬ ಹೊತ್ತು ಅಂಗೈ ನೋಡಿದಳು. "ಅಯ್ಯ, ಸುಟ್ಕೊಂಡೀರಲ್ರಿ." ದನಿ ಇಳಿದಿತ್ತು. "ಮತ್ಯಾಕ ಸುಳ್ಳ ಬರದ್ರಿ?"

"ನೀವು ತಪ್ಪು ಮಾಡಿದ್ದೀರಿ ಅಂತ ಹೇಗೆ ಹೇಳೋದು? ನೀವು ತಪ್ಪೇ ಮಾಡಲ್ಲ. ಬೇಕಂತ ಕೊಟ್ರೇನೋ ಅನ್ನಿಸ್ತು. ಬೇಕಂತ ಕೊಟ್ಟಿದ್ರೆ ಯಾಕೆ ಅಂತ ಗೊತ್ತಾಗ್ಲಿಲ್ಲ. ಎರಡು ದಿನದಿಂದ ಯಾವುದೂ ಗೊತ್ತಾಗ್ತಿಲ್ಲ."

ಅರುಂಧತಿ ಬಗ್ಗಿ, ನನ್ನ ಕಾಲ ಬಳಿಯಿದ್ದ ಚೀಲ ಎಳೆದುಕೊಂಡಳು. ಅದರಿಂದ ಎರಡು ಕೈಗವಸು ತೆಗೆದು ಡ್ಯಾಶ್‌ಬೋರ್ಡ್ ಮೇಲಿಟ್ಟಳು. ಅದೇ ಕಪ್ಪು, ಅದೇ ಹಳದಿ ಹೂವು. ಎರಡೂ ಬಲಗೈಯವು.

"ಎರಡು ಜೋಡಿ ಹೊಲದಿದ್ದೆ. ನಾನೂ ಗಾಡಿ ಓಡಸ್ಬೇಕಲ್ಲ ಇನ್ನ. ಬುಧವಾರ ಪೊಟ್ಟಣ ಕಟ್ಟೂ ಮುಂದ ನನ್ನ ತಲಿ ಎಲ್ಲಿತ್ತೋ ಏನೋ. ಶುಕ್ರವಾರ ಹಾಕ್ಕೊಂಡು ನೋಡ್ತೀನಿ, ಹಿಂಗ ಅದಾವು. ಅದಕ್ಕ ಮೆಸೇಜ್ ಮಾಡಿದ್ದು. ನೀವು ಸರಿ ಅದಾವು ಅಂದ್ರಿ."

ಒಂದನ್ನು ಎತ್ತಿ ಅವಳ ಕೈ ಪಕ್ಕ ಹಿಡಿದೆ. "ಇದು ನಿಮ್ಗೆ ದೊಡ್ಡದು."

"ನನ್ನ ಕೈ ಅಳತಿ ತೆಗದಿದ್ದಿಲ್ಲ. ನಿಮ್ದ ಪೇಪರ್ ಇತ್ತು. ಅದರ ಮ್ಯಾಲೇ ನಾಲ್ಕೂ ಕತ್ತರಸಿದೆ."

"ಯಾಕೆ?"

"ಪೇಪರ್ ಇತ್ತಲ್ರಿ. ನೀವು ಹಿಡದಿದ್ದು ನನ್ನ ಜೋಡಿದು."

ಕೈಗವಸಿನ ಅಂಚು ತಿರುಗಿಸಿದೆ. ಒಳಗೆ ಕೆಂಪು ಚೌಕುಳಿ. ಮೂಲೆಯಲ್ಲಿ ನಮ್ಮ ಬೀದಿಯ ಲಾಂಡ್ರಿಯವನು ಅಳಿಸದ ಮಸಿಯಲ್ಲಿ ಬರೆಯುವ ನನ್ನ ನಂಬರ್, ೪೧೭. ಅಷ್ಟು ಉದ್ದದ ಟವೆಲ್‌ನಲ್ಲಿ ಆ ಮೂಲೆಯನ್ನು ಅವಳು ನನಗೆ ಕೊಟ್ಟಿರಲಿಲ್ಲ. ಕತ್ತರಿಸಿ ಎಸೆದೂ ಇರಲಿಲ್ಲ. ತನ್ನ ಕೈ ಒಳಗೆ ಹೋಗುವ ಜಾಗದಲ್ಲಿ, ಸುತ್ತಲೂ ಇನ್ನಷ್ಟು ಒತ್ತಾಗಿ ಹೊಲಿಗೆ ಹಾಕಿ ಉಳಿಸಿಕೊಂಡಿದ್ದಳು.

"ಇದೂ ಉಳಿದಿತ್ತಾ?" ಎಂದೆ.

ಅವಳ ಕಿವಿ ಕೆಂಪಗಾಯಿತು. ಎಸಿ ಜೋರಾಗಿಯೇ ಓಡುತ್ತಿತ್ತು. ಈ ಸಲ ನಾನು ಬಿಸಿಲಿನ ಬಗ್ಗೆ ಯೋಚಿಸಲಿಲ್ಲ.

"ಗುರುವಾರ ಹೇಳ್ಬೇಕು ಅಂತಿದ್ದೆ," ಎಂದೆ. "ಒಂದು ವಾರದಿಂದ ಮಾತು ಜೋಡಿಸ್ತಿದ್ದೆ. ಈಗ ಒಂದೂ ನೆನಪಿಲ್ಲ."

"ಹಂಗಾರ ಉಳದಿದ್ದ ಹೇಳ್ರಿ."

"ನೀವು ಪಕ್ಕದಲ್ಲಿ ಇಲ್ದೆ ಆ ರೋಡಲ್ಲಿ ನಾನು ಕ್ಯಾಮೆರಾ ಇರೋ ಕಡೆ ಎಲ್ಲ ಫೈನ್ ಕಟ್ತೀನಿ, ಅರುಂಧತಿ. ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಮುಂದಿನ ಗಾಜಿನಲ್ಲಿ ಏನನ್ನೋ ನೋಡುತ್ತ ಕೂತಳು. ಖಾಲಿ ಬಯಲು, ಒಂದು ಉರುಳಿಬಿದ್ದ ಟ್ರಾಲಿ. ಆಮೇಲೆ ಬಲಗೈಗೆ ತನ್ನ ಗ್ಲೌಸ್ ಹಾಕಿಕೊಂಡಳು. "ನಿಮ್ದ ತಂದೀರೇನ್ರಿ?"

ಜೇಬಿನಿಂದ ಒಂದನ್ನು ತೆಗೆದು ಎಡಗೈಗೆ ಹಾಕಿದೆ. ಇಲ್ಲಿಯ ಕಾರುಗಳಿಗೆ ಸ್ಟೀರಿಂಗ್ ಎಡಕ್ಕೆ; ಅವಳು ಡ್ರೈವರ್ ಸೀಟಿನಲ್ಲಿ, ನಾನು ಅವಳ ಬಲಕ್ಕೆ. ಆ ಎರಡು ಕೈಗಳೇ ನಡುವೆ ಇದ್ದವು. ಅವಳು ತನ್ನ ಕೈಯನ್ನು ಗೇರಿನ ಪಕ್ಕ ಅಂಗಾತ ಇಟ್ಟಳು. ನಾನು ಮೇಲೆ ನನ್ನದನ್ನು ಇಟ್ಟೆ.

"ಏನರ ಗೊತ್ತಾತೇನ್ರಿ?" ಎಂದಳು.

"ಇಲ್ಲ. ತುಂಬ ದಪ್ಪ ಇದೆ."

"ಮೂರು ಪದರ ಅದ. ಶಾಖ ದಾಟಬಾರದಂತ ಹೊಲದೀನಿ."

"ಚೆನ್ನಾಗಿ ಹೊಲಿದಿದ್ದೀರಿ."

"ಹೌದ್ರಿ," ಎಂದಳು ಅರುಂಧತಿ, ಮತ್ತು ಮೊದಲು ನನ್ನದನ್ನು, ಆಮೇಲೆ ತನ್ನದನ್ನು ಕಳಚಿದಳು.