ಅಜ್ಜಿಯ ಕೈಯ ಹೆಜ್ಜೆಗಳು

"ಕಾರಣ ಒಂದು: ಟೈಮ್ ನೋಡಲು," ಪಪ್ಪ ಜೋರಾಗಿ ಓದಿದರು. "ಗೋಡಿ ಮ್ಯಾಲಿನ ಗಡಿಯಾರ ಏನ್ ಸೊಳ್ಳಿ ಹೊಡ್ಯಾಕ ಇಟ್ಟೀವೇನು?"

ಅಂಜನಾ ಮುಖ ಊದಿಸಿಕೊಂಡಳು. ಸ್ಮಾರ್ಟ್‌ವಾಚ್ ಯಾಕೆ ಬೇಕು ಅಂತ ಐದು ಕಾರಣ ಬರೆಯಲು ನೋಟ್‌ಬುಕ್ಕಿನ ಎರಡು ಹಾಳೆ ಹರಿದಿದ್ದಳು, ಪಾಪ.

"ಕಾರಣ ಐದು: ಆರೋಗ್ಯ. ದಿನಾ ಹತ್ತು ಸಾವಿರ ಹೆಜ್ಜೆ ನಡೆಯುತ್ತೇನೆ." ಪಪ್ಪ ಬಿದ್ದು ಬಿದ್ದು ನಕ್ಕರು. "ಮೂಲಿ ಅಂಗಡಿಯಿಂದ ಮೊಸರು ತಾ ಅಂದ್ರ ಕಾಲು ನೋವು ಅಂತಿ!"

ಆದರೂ ವಾಚು ಬಂತು, ಕರಾರಿನ ಮೇಲೆ. ಏಳು ದಿನ, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಒಂದು ದಿನ ತಪ್ಪಿದರೂ ವಾಚು ಅಂಗಡಿಗೆ ವಾಪಸ್.

ಆರು ದಿನ ಅಂಜನಾ ತಮ್ಮ ಬ್ರಹ್ಮಪುರದ ಓಣಿ ಓಣಿ ಸುತ್ತಿದಳು. ಹಲ್ಲುಜ್ಜುವಾಗಲೂ ಕವಾಯತು ಮಾಡಿದಳು. ಏಳನೇ ದಿನ ಪಪ್ಪನ ಜೊತೆ ಕಮಲಾಪುರಕ್ಕೆ, ಅಜ್ಜಿಯ ಮನೆಗೆ ಹೋದಳು. ಮರುದಿನ ಎಳ್ಳ ಅಮಾವಾಸ್ಯೆ, ಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಕೆಂಪು ಬಾಳೆಹಣ್ಣು ತಿಂದು ಮಲಗಿದವಳಿಗೆ ಎಚ್ಚರವಾದಾಗ ಸಂಜೆ. ವಾಚಿನಲ್ಲಿ ಬರೀ ಸಾವಿರದ ನೂರು!

ಅಡುಗೆಮನೆಯಲ್ಲಿ ಟಪ ಟಪ ಸದ್ದು. ನಾಳಿನ ಹೊಲದೂಟಕ್ಕೆ ಬರುವ ಮಂದಿಗಾಗಿ ಚಂದಮ್ಮಜ್ಜಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಆ ಕೈ ನಿಲ್ಲುತ್ತಲೇ ಇರಲಿಲ್ಲ. ಕೈ ಅಲುಗಿದರೂ ವಾಚು ಹೆಜ್ಜೆ ಅಂತ ಲೆಕ್ಕ ಹಿಡಿಯುತ್ತದೆಂದು ಅಂಜನಾಗೆ ಗೊತ್ತಿತ್ತು, ಹಲ್ಲುಜ್ಜುವಾಗಲೇ ಕಂಡುಕೊಂಡಿದ್ದಳು. ಓಡಿಹೋಗಿ ಅಜ್ಜಿಯ ಮಣಿಕಟ್ಟಿಗೆ ವಾಚು ಕಟ್ಟಿದಳು.

"ಯವ್ವಾ, ಇದೇನ್ ಬೇಡಿ ಹಾಕಾಕತ್ತೀ?"

"ಏನಿಲ್ಲ ಅಜ್ಜಿ, ನೀ ಬಡಿ. ಲಗೂ ಲಗೂ ಬಡಿ!"

ಎರಡು ಸಾವಿರ. ಐದು ಸಾವಿರ. ಅಂಜನಾ ಪಕ್ಕದಲ್ಲಿ ಕೂತು ಎಣಿಸಿದಳೇ ಹೊರತು ಒಂದು ರೊಟ್ಟಿಯನ್ನೂ ತಿರುವಿ ಹಾಕಲಿಲ್ಲ. ಅಜ್ಜಿ ನಡುವೆ ಒಮ್ಮೆ ಸೊಂಟ ಹಿಡಿದುಕೊಂಡಳು.

"ನಿಲ್ಲಬ್ಯಾಡ ಅಜ್ಜಿ!"

"ಅವ್ವಾ, ಒಂದ್ ಕಪ್ ಚಾ ಮಾಡು," ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಮಲಗಿದ್ದ ಪಪ್ಪ ಕೂಗಿದರು.

ಒಂಬತ್ತು ಸಾವಿರದ ಆರುನೂರು. ಅಷ್ಟರಲ್ಲಿ ವಾಚು ಗುರ್ರ್ ಅಂತ ನಡುಗಿತು. ಇಂಗ್ಲಿಷಿನಲ್ಲಿ ಏನೋ ಬಂತು.

"ಏನ್ ಅಂತದ ಇದು?"

ಅಂಜನಾ ಓದಿ ಕನ್ನಡದಲ್ಲಿ ಹೇಳಿದಳು: "ಭಾಳ ಕೆಲಸ ಮಾಡೀರಿ. ಸ್ವಲ್ಪ ಕೂತು ದಣಿವಾರಿಸ್ಕೋರಿ."

ಅಜ್ಜಿ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯ ಶಿವನೇ! ನಲವತ್ತು ವರ್ಷದಾಗ ಈ ಮನ್ಯಾಗ ನನಗ ಕೂಡ್ರು ಅಂದದ್ದು ಈ ಡಬ್ಬಿ ಒಂದೇ ನೋಡು!"

ಅಂಜನಾಗೆ ನಗು ಬರಲಿಲ್ಲ. ಇನ್ನು ನಾಲ್ಕೇ ನೂರು ಬೇಕಿತ್ತು, ನಾಲ್ಕೈದು ರೊಟ್ಟಿಯ ಮಾತು. ವಾಚು ನೋಡಿದಳು. ಅಜ್ಜಿಯ ಊದಿದ ಬೆರಳು ನೋಡಿದಳು.

"ಅಜ್ಜಿ, ಏಳು. ಗೋಡಿಗೆ ಒರಗಿ ಕೂಡು. ನಾ ಬಡೀತೀನಿ."

ಅವಳ ಮೊದಲ ರೊಟ್ಟಿ ನಕಾಶೆಯಂತೆ ಸೊಟ್ಟಗಾಯಿತು. ಪಪ್ಪ ಬಾಗಿಲಿಗೆ ಬಂದರು.

"ಚಾ ಎಲ್ಲಿ? ನಿನ್ನ ಹೆಜ್ಜೆ ಎಷ್ಟಾದವು?"

"ನಂದು ಸಾವಿರದ ನೂರು. ಉಳಿದದ್ದು ಅಜ್ಜಿದು."

"ಹಂಗಾರ ವಾಚು ವಾಪಸ್!"

"ಹೂಂ, ಅಂಗಡಿಗೆ ಕೊಟ್ಟುಬಿಡ್ರಿ," ಅಂದಳು ಅಂಜನಾ. "ಚಾ ನೀವೇ ಮಾಡ್ಕೋರಿ ಪಪ್ಪಾ. ಅಜ್ಜಿಗೂ ಒಂದ್ ಕಪ್ ಹಾಕ್ರಿ."

ಪಪ್ಪ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯ ಕಡೆ ನೋಡಿದರು. ಚಹಾದ ಪಾತ್ರೆ ಎಲ್ಲಿದೆಯೆಂದು ಹುಡುಕತೊಡಗಿದರು.

ವಾಚು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಕೂತಲ್ಲೇ ನಿದ್ದೆ ಹೋಗಿದ್ದಳು. ಅಂಜನಾ ಎರಡನೇ ರೊಟ್ಟಿಯನ್ನು ಸದ್ದಾಗದಂತೆ ಮೆಲ್ಲಗೆ ತಟ್ಟಿದಳು.