ಸೋಮವಾರದ ಬೂಷ್ಟು

ಗುರುವಾರ ಬೆಳಿಗ್ಗೆ ಬ್ರೆಡ್ ಕಾರ್ಖಾನೆಯ ಬಾಗಿಲಿಗೆ ಹನ್ನೊಂದು ಟ್ರೇ ವಾಪಸು ಬಂದವು. ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಮೇಲಿನ ಟ್ರೇಯಿಂದ ಒಂದು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದಳು. ಹೋಳಿನ ಮಧ್ಯೆ ಹಸಿರು ಚುಕ್ಕೆ! ಇನ್ನೊಂದು ಎತ್ತಿದಳು — ಅದರಲ್ಲೂ. ಒಂದು ವಾರ ತಡೆಯಬೇಕಾದ ಬ್ರೆಡ್ಡಿಗೆ ಮೂರೇ ದಿನದಲ್ಲಿ ಬೂಷ್ಟು. ಪೊಟ್ಟಣ ತಿರುಗಿಸಿ ತಾರೀಖು ನೋಡಿದಳು. ಸೋಮವಾರ. ಮತ್ತೆ ಸೋಮವಾರದ್ದೇ.

ಎರಡು ತಿಂಗಳಿಂದ ಇದೇ ಕಥೆ. ಮಂಗಳವಾರದ ಬ್ರೆಡ್ಡಿನಲ್ಲಿ ಎಲ್ಲೋ ಒಂದೆರಡು ಚುಕ್ಕೆ. ಬುಧವಾರದಿಂದ ಶನಿವಾರದವರೆಗೆ ಏನೂ ಇಲ್ಲ. ಭಾನುವಾರ ಕಾರ್ಖಾನೆಗೆ ರಜ. ಸೋಮವಾರ ಬಂತೆಂದರೆ ಗ್ರಹಚಾರ ಶುರು.

ಮ್ಯಾನೇಜರ್ ಎಲ್ಲರನ್ನೂ ಕರೆಸಿದರು. ಒಲೆಯ ಬೆಂಕಿಯಲ್ಲಿ ಬೂಷ್ಟು ಬದುಕುವುದಿಲ್ಲ. ಪೊಟ್ಟಣದೊಳಗೆ ಹೋದಮೇಲೆ ಹೊರಗಿನದು ಒಳಗೆ ಬರುವುದಿಲ್ಲ. ಹಾಗಾದರೆ ಅಂಟುವುದೆಲ್ಲಿ? ಒಲೆಯಿಂದ ಬಂದ ಬ್ರೆಡ್ಡು ಮೂರು ಗಂಟೆ ಬರಿಮೈಯಲ್ಲಿ ಆರುವ ತಂಪು ಹಜಾರದಲ್ಲಿ. ಆ ಹಜಾರವನ್ನು ನೋಡಿಕೊಳ್ಳುವವರು ಯಾರು?

ಸೂಪರ್‌ವೈಸರಳ ಸ್ವಂತ ಅಕ್ಕ. ತಾನು ಓದು ಬಿಟ್ಟು ತಂಗಿಯನ್ನು ಓದಿಸಿದ ಅಕ್ಕ. ಅವಳು ಆ ಹಜಾರಕ್ಕೆ ಬಂದದ್ದೂ ಎರಡು ತಿಂಗಳ ಹಿಂದೆಯೇ.

ಆಗ ಬಾಯಿಬಿಟ್ಟವನು ಮಿಸ್ತ್ರಿ. ಕಾರ್ಖಾನೆಯ ಗಾಳಿಯಂತ್ರ ಅವನ ವಶ. ಇಡೀ ಕಾರ್ಖಾನೆಯಲ್ಲಿ ಅವನಷ್ಟು ಶುಚಿಯ ಮನುಷ್ಯನಿಲ್ಲ. ಶರ್ಟಿನಲ್ಲಿ ಒಂದು ಕಲೆಯಿಲ್ಲ, ಶೂ ಕನ್ನಡಿಯಂತೆ. ಎಲ್ಲರೂ ಅವನನ್ನು ಕರೆಯುವುದೇ ಥಳಥಳ ಮಿಸ್ತ್ರಿ ಎಂದು. ಹೇಳಲು ತನಗೂ ಸಂಕಟ, ಆದರೆ ಸೋಮವಾರ ಅಕ್ಕನ ಉಗುರಿನಲ್ಲಿ ಮಣ್ಣು ಕಂಡಿದ್ದೇನೆ ಎಂದ ಅವನು. ಭಾನುವಾರವಿಡೀ ಅವಳು ಹಿತ್ತಿಲಿನಲ್ಲಿ ಟೊಮೇಟೊ ಮಡಿ ಅಗೆಯುವುದು ಎಲ್ಲರಿಗೂ ಗೊತ್ತಿತ್ತು. ಮಣ್ಣೆಂದರೆ ಬೂಷ್ಟಿನ ತವರುಮನೆ.

ಅಕ್ಕ ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿ ಇಟ್ಟಳು. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಗೆರೆಗಳು ಬೆರಳ ಸಂದಿನಲ್ಲಿ ಇದ್ದೇ ಇದ್ದವು. ಸೋಮವಾರದಿಂದ ಮನೆಯಲ್ಲಿರಲಿ, ಮುಂದಿನ ಗುರುವಾರ ಕೆಲಸದ ವಿಷಯ ತೀರ್ಮಾನವಾಗಲಿ ಎಂದರು ಮ್ಯಾನೇಜರ್. ಆ ಸಂಜೆಯೇ ತಂಗಿ ಗಾಳಿ ಡಾಕ್ಟರಮ್ಮನಿಗೆ ಫೋನು ಮಾಡಿದಳು.

ಈ ಡಾಕ್ಟರಮ್ಮ ಮನುಷ್ಯರ ನಾಡಿ ಹಿಡಿಯುವವರಲ್ಲ. ಹಾಲು, ಬಿಸ್ಕತ್ತು, ಔಷಧಿ — ಎಲ್ಲ ಕಾರ್ಖಾನೆಗಳ ಗಾಳಿಯಲ್ಲೂ ಮೂಗು ತೂರಿಸಿ, ಕ್ರಿಮಿ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವವರು. ಸೋಮವಾರ ಬೆಳಿಗ್ಗೆ ಏಳಕ್ಕೇ ಚೀಲ ಹೊತ್ತು ಬಂದರು. ಒಳಗೆ ಒಂಬತ್ತು ಗಾಜಿನ ತಟ್ಟೆ, ಒಂದೊಂದರಲ್ಲೂ ತೆಳ್ಳನೆಯ ಅಂಟು. ಬೂಷ್ಟಿನ ಬೀಜ ಕಣ್ಣಿಗೆ ಕಾಣುವುದಿಲ್ಲ, ಆದರೆ ಈ ಅಂಟಿನ ಮೇಲೆ ಬಿದ್ದರೆ ಮೂರು ದಿನದಲ್ಲಿ ಮೊಳೆತು ತಾನೇ ಮುಖ ತೋರಿಸುತ್ತದೆ ಎಂದರು. ಮೂರು ತಟ್ಟೆ ಬಾಗಿಲ ಬಳಿ, ಮೂರು ಅಕ್ಕನ ಮೇಜಿನ ಬಳಿ, ಮೂರು ಚಾವಣಿಯ ಗಾಳಿಕಿಂಡಿಯ ಕೆಳಗೆ. ಗಾಳಿಯಂತ್ರದ ಫ್ಯಾನು ಶುರುವಾಗುವ ಹೊತ್ತಿಗೆ ಮುಚ್ಚಳ ತೆಗೆದರು, ಕಾಲು ಗಂಟೆ ಬಿಟ್ಟು ಮುಚ್ಚಿದರು. ಅಕ್ಕ ಮನೆಯಲ್ಲಿದ್ದಳು.

ಆಮೇಲೆ ಗಾಳಿಯಂತ್ರದ ಕೋಣೆ. ಮಿಸ್ತ್ರಿ ಬೀಗ ತೆರೆದ. ನೆಲ ಫಳಫಳ. ಮೂಲೆಯಲ್ಲಿ ಬಕೆಟ್ಟು, ಬ್ರಷ್ಷು, ಒಂದು ಸೋಪಿನ ತುಂಡು. ಹೊರಗಿನ ದೂಳು ಹಜಾರಕ್ಕೆ ನುಗ್ಗದಂತೆ ತಡೆಯುವ ಫಿಲ್ಟರು ಯಂತ್ರದ ಎದೆಯಲ್ಲಿ ಕುಳಿತಿತ್ತು.

"ಇದನ್ನ ಹಾಕಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು, ಮೇಡಂ. ನೋಡಿ, ಹೊಸದರ ಹಾಗೇ ಇಟ್ಟಿದ್ದೀನಿ."

"ತಾರೀಖು ಬರೆದಿಲ್ವಾ?"

"ಚೌಕಟ್ಟಿನ ಮೇಲೇ ಬರೆದಿದ್ದೀನಲ್ಲ."

ಡಾಕ್ಟರಮ್ಮ ಬಗ್ಗಿ ನೋಡಿದರು. ಅಲ್ಲಿ ತಾರೀಖಿರಲಿಲ್ಲ, ಒಂದು ನೀಲಿ ಮಚ್ಚೆಯಿತ್ತು. ಯಾರದೋ ಕೈ ತಾಗಿ ಅಳಿಸಿರಬೇಕೆಂದು ತಂಗಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ಮಚ್ಚೆಯನ್ನು ಬೆರಳಿನಿಂದ ಸವರಿ, ಪಕ್ಕದ ಗೋಡೆಯ ಮೀಟರನ್ನು ತೋರಿಸಿ, ದಿನಾ ಬೆಳಿಗ್ಗೆ ಇದರ ಮುಳ್ಳು ಎಲ್ಲಿದೆ ಎಂದು ಬರೆದಿಡುವವರು ಯಾರೆಂದು ಕೇಳಿದರು.

"ನಾನೇ, ಮೇಡಂ," ಎಂದಳು ತಂಗಿ. "ಒಂದು ದಿನಾನೂ ತಪ್ಪಿಸಿಲ್ಲ."

ಅವಳು ಕೊಟ್ಟ ಪುಸ್ತಕದ ಹಾಳೆಗಳನ್ನು ಡಾಕ್ಟರಮ್ಮ ಒಂದೊಂದಾಗಿ ತಿರುವಿದರು. ಇದ್ದಕ್ಕಿದ್ದಂತೆ ಬೆರಳು ನಿಂತಿತು. ಹಿಂದಕ್ಕೆ ತಿರುವಿದರು, ಮತ್ತೆ ಮುಂದಕ್ಕೆ. ತುಟಿಯಲ್ಲಿ ಸಣ್ಣ ನಗು! ಏನು ಕಂಡಿತು? ತಂಗಿ ಕೇಳಿದರೆ, ಗುರುವಾರ ಅಕ್ಕನನ್ನೂ ಕರೆದುಕೊಂಡು ಬಾ ಎಂದಷ್ಟೇ ಹೇಳಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.

ಆ ಮೂರು ದಿನ ಅಕ್ಕ ಹಿತ್ತಿಲ ಕಡೆ ತಲೆ ಹಾಕದೆ, ಗಳಿಗೆಗೊಮ್ಮೆ ಕೈ ತೊಳೆಯುತ್ತಿದ್ದಳು. ಅದನ್ನು ನೋಡುವುದೇ ತಂಗಿಗೆ ದೊಡ್ಡ ಹಿಂಸೆಯಾಗಿತ್ತು.

ಗುರುವಾರ ಮ್ಯಾನೇಜರರ ಮೇಜಿನ ಮೇಲೆ ಒಂಬತ್ತು ತಟ್ಟೆ. ಡಾಕ್ಟರಮ್ಮ ಮುಚ್ಚಳ ತೆಗೆಯದೆ ಒಂದೊಂದನ್ನೇ ಮುಂದೆ ಸರಿಸಿದರು. ಬಾಗಿಲ ಬಳಿಯ ಮೂರರಲ್ಲಿ — ಎರಡು ಚುಕ್ಕೆ. ಅಕ್ಕನ ಮೇಜಿನ ಬಳಿಯ ಮೂರರಲ್ಲಿ — ನಾಲ್ಕು. ಗಾಳಿಕಿಂಡಿಯ ಕೆಳಗಿನ ಮೂರು ತಟ್ಟೆಗಳನ್ನು ಕಂಡು ಮ್ಯಾನೇಜರ್ ಕುರ್ಚಿ ಹಿಂದಕ್ಕೆಳೆದುಕೊಂಡರು. ಅಂಚಿನಿಂದ ಅಂಚಿಗೆ ಹಸಿರು ತುಪ್ಪಟ!

"ಆ ಹೊತ್ತಿಗೆ ಈಯಮ್ಮ ಮನೇಲಿದ್ರು," ಎಂದರು ಡಾಕ್ಟರಮ್ಮ. "ಬೂಷ್ಟು ಕೈಯಿಂದ ಬಂದಿಲ್ಲ. ಮೇಲಿಂದ ಸುರಿದಿದೆ."

"ಅದು ಹೇಗೆ?" ಮಿಸ್ತ್ರಿ ತಟ್ಟನೆ ಕೇಳಿದ. "ಮೇಲಿಂದ ಬರೋ ಗಾಳಿ ಫಿಲ್ಟರ್ ದಾಟಿ ಬರುತ್ತೆ."

"ಅದಕ್ಕೇ ಫಿಲ್ಟರಿನ ಜಾತಕ ನೋಡಿದೆ." ಅವರು ತಂಗಿಯ ಪುಸ್ತಕ ಬಿಡಿಸಿದರು. ಫಿಲ್ಟರಿಗೆ ದೂಳು ತುಂಬಿದಷ್ಟೂ ಗಾಳಿಗೆ ದಾರಿ ಬಿಗಿಯಾಗುತ್ತದೆ, ಮೀಟರಿನ ಮುಳ್ಳು ಮೇಲೇರುತ್ತದೆ. ಏರಿದ್ದು ತಾನಾಗಿ ಇಳಿಯುವ ಮಾತೇ ಇಲ್ಲ. "ನೀನೇ ಓದಮ್ಮ. ಶನಿವಾರ ಎಷ್ಟು?"

"ಹದಿನಾರು," ಎಂದಳು ತಂಗಿ.

"ಸೋಮವಾರ?"

"ಒಂಬತ್ತು." ಅವಳು ಹಾಳೆ ಹಿಂದಕ್ಕೆ ತಿರುವಿದಳು. ಹಿಂದಿನ ವಾರ? ಶನಿವಾರ ಹದಿನೈದು, ಸೋಮವಾರ ಒಂಬತ್ತು. ಅದರ ಹಿಂದಿನ ವಾರವೂ ಹಾಗೇ. ಎಂಟು ವಾರ ತನ್ನ ಕೈಯಾರೆ ಬರೆದಿದ್ದಾಳೆ! ಮುಳ್ಳು ಇಳಿದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಹಾಳೆ ಮಗುಚಿದ್ದಾಳೆ. ಅಕ್ಕನನ್ನು ಉಳಿಸುವ ಸಾಕ್ಷಿ ಅವಳ ಕಂಕುಳಲ್ಲೇ ಇತ್ತು.

"ಭಾನುವಾರ ಯಾರೋ ಫಿಲ್ಟರಿನ ದೂಳು ತೆಗೀತಿದ್ರು," ಎಂದರು ಡಾಕ್ಟರಮ್ಮ. "ಹೇಗೆ ತೆಗೆದ್ರು? ಚೌಕಟ್ಟಿನ ಮೇಲಿನ ಶಾಯಿ ಹೇಳ್ತು. ಕೈ ತಾಗಿದ್ರೆ ಶಾಯಿ ಎಳೆದ ಹಾಗೆ ಅಳಿಸುತ್ತೆ. ಇದು ಹರಡಿತ್ತು. ನೀರು ಕುಡಿದಿತ್ತು." ಅವರು ಮಿಸ್ತ್ರಿಯ ಕಡೆ ತಿರುಗಿದರು. "ಭಾನುವಾರ ಆ ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ?"

ಮಿಸ್ತ್ರಿಯ ಮುಖ ಸುಣ್ಣದಂತಾಯಿತು. ಆದರೂ ಅವನು ಮುಚ್ಚಿಡಲಿಲ್ಲ.

"ಈ ಹೊಸದು ಹಾಕಿದಾಗಿಂದ ನಾನೇ ತೊಳೀತಿದ್ದೆ, ಮೇಡಂ. ಸೋಪು ಹಾಕಿ. ಕೊಳಕು ಕಂಡ್ರೆ ನನಗೆ ತಡೆಯೋಕಾಗಲ್ಲ. ರಜದ ದಿನವೂ ಬಂದು ತೊಳೀತಿದ್ದೆ. ಅದು ತಪ್ಪಾ?"

ಅವನ ಕಣ್ಣಲ್ಲಿ ನೀರಿತ್ತು. ಡಾಕ್ಟರಮ್ಮ ಗದರಲಿಲ್ಲ. ಈ ಫಿಲ್ಟರು ತೊಳೆಯುವ ವಸ್ತುವಲ್ಲ, ತುಂಬಿದಮೇಲೆ ಬಿಸಾಡುವಂಥದ್ದು ಎಂದು ಬಿಡಿಸಿ ಹೇಳಿದರು. ಬ್ರಷ್ಷು ತಿಕ್ಕಿದಾಗ ಅದರ ಎಳೆಗಳು ಸಡಿಲವಾಗಿ, ಹೊರಮೈಯ ದೂಳು ಒಳಮೈಗೆ ಇಳಿಯುತ್ತಿತ್ತು. ಆ ದೂಳಿನಲ್ಲಿ ಹಿಟ್ಟಿನ ಪುಡಿಯೂ ಇತ್ತು. ಒದ್ದೆ ಹಿಟ್ಟು, ಮುಚ್ಚಿದ ಕೋಣೆ, ಒಂದಿಡೀ ರಾತ್ರಿ — ಬೂಷ್ಟಿಗೆ ಇನ್ನೇನು ಬೇಕು? ಸೋಮವಾರ ಫ್ಯಾನು ಹಾಕಿದೊಡನೆ ಅದೆಲ್ಲ ಬ್ರೆಡ್ಡಿನ ಮೇಲೆ. ಎರಡು ದಿನ ಬೀಸಿ ಒಣಗಿದಮೇಲೆ ಬೀಳುವುದು ನಿಲ್ಲುತ್ತಿತ್ತು.

ಮ್ಯಾನೇಜರ್ ಎದ್ದು ನಿಂತರು. ಎಲ್ಲರ ಎದುರಿಗೇ ಅಕ್ಕನ ಕ್ಷಮೆ ಕೇಳಿದರು. ಈಗಲೇ ಹಜಾರಕ್ಕೆ ಹೋಗಬಹುದು ಎಂದರು. ತಂಗಿಗೆ ಅಳು, ನಗು ಎರಡೂ ಒಟ್ಟಿಗೇ ಉಕ್ಕಿ ಬಂದವು, ಅಕ್ಕನ ಸೆರಗು ಹಿಡಿದುಕೊಂಡು ಎರಡನ್ನೂ ಮುಗಿಸಿದಳು.

ಅಕ್ಕ ಬಾಗಿಲವರೆಗೆ ಹೋದವಳು ಮಿಸ್ತ್ರಿಯ ಮುಂದೆ ನಿಂತಳು. ಅವನು ತಲೆ ತಗ್ಗಿಸಿದ. ಅವಳು ತನ್ನ ಒರಟು ಕೈ ಚಾಚಿದಳು.

"ಆ ಸೋಪು ಇನ್ನು ನನಗೆ ಕೊಡಿ, ಮಿಸ್ತ್ರಿ. ಕೈ ತೊಳ್ಕೊಂಡು ಹಜಾರಕ್ಕೆ ಹೋಗ್ಬೇಕು."