ಅಜ್ಜಿಯ ಆರಡಿ ದಾರ

“ಲೆನ್ಸ್ ಇಲ್ಲವಂತೆ!” ಕ್ಯಾಮೆರಾದ ಸ್ಕ್ರೀನ್ ಓದಿ ಚಿಕ್ಕಪ್ಪ ಹೇಳಿದ.

“ಇಲ್ವಾ? ಮತ್ತೆ ಇದೇನು, ಬದನೆಕಾಯಾ?” ಅಜ್ಜಿ ಕ್ಯಾಮೆರಾದ ಮೂತಿಯನ್ನು ತಟ್ಟಿ ಕೇಳಿದಳು.

ಮೊಮ್ಮಗಳು ಸ್ಪ್ರಿಂಗಿಗೆ ನಗು ತಡೆಯಲಾಗಲಿಲ್ಲ. ಕ್ಯಾಮೆರಾದ ಮೂತಿಯಲ್ಲಿ ಅಜ್ಜಿಯ ಲೆನ್ಸ್ ಗಟ್ಟಿಯಾಗಿ ಕೂತಿತ್ತು. ಕಪ್ಪು ಲೋಹದ್ದು, ಮುಷ್ಟಿಯಷ್ಟು ಗಾತ್ರ, ಕೈಗೆತ್ತಿಕೊಂಡರೆ ಒಳ್ಳೇ ಭಾರ. ಟ್ರೈಪಾಡ್ ಮೇಲೆ ಕೂತ ಕ್ಯಾಮೆರಾ ಚಿಕ್ಕಪ್ಪನದು, ಹೊಸದು. ಹಳೆಯ ಲೆನ್ಸ್ ಹೊಸ ಕ್ಯಾಮೆರಾಕ್ಕೆ ಹಾಗೇ ಕೂರುವುದಿಲ್ಲ. ಅದಕ್ಕೇ ಎರಡರ ನಡುವೆ ಒಂದು ತೆಳ್ಳನೆಯ ರಿಂಗ್ ಹಾಕಿದ್ದರು. ಅದು ನಿನ್ನೆಯಷ್ಟೇ ಕೊರಿಯರ್‌ನಲ್ಲಿ ಬಂದಿತ್ತು.

“ಹೊಸ ಲೆನ್ಸ್‌ಗಳು ಹಾಕಿದ ತಕ್ಷಣ ‘ಹಲೋ, ನಾನು ಬಂದೆ’ ಅಂತ ಕ್ಯಾಮೆರಾಗೆ ಹೇಳ್ತವೆ,” ಎಂದ ಚಿಕ್ಕಪ್ಪ. “ಅಮ್ಮನ ಲೆನ್ಸ್‌ಗೆ ಆ ವಯರು, ಗಿಯರು ಏನೂ ಇಲ್ಲ. ಮೂಕ ಲೆನ್ಸ್.”

“ಮೂಕ ಅಂತೆ ಮೂಕ! ಮೂವತ್ತೈದು ವರ್ಷ ಎಷ್ಟು ಜನರ ಮುಖ ನೋಡಿದೆ ಗೊತ್ತಾ ಅದು?”

ಚಿಕ್ಕಪ್ಪ ಮೆನುವಿನಲ್ಲಿ ಹುಡುಕಿ ಹುಡುಕಿ, ‘ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ’ ಅನ್ನುವುದನ್ನು ಆನ್ ಮಾಡಿದ. ಕ್ಯಾಮೆರಾ ತೆಪ್ಪಗಾಯಿತು.

ಅವತ್ತು ಸ್ಪ್ರಿಂಗಿಗೆ ಹತ್ತು ತುಂಬಿತ್ತು. ಅವಳ ನಿಜವಾದ ಹೆಸರು ಸ್ಕೂಲಿನ ರಿಜಿಸ್ಟರ್‌ನಲ್ಲಿ ಮಾತ್ರ ಇತ್ತು. ಗುಂಗುರು ಕೂದಲು, ಒಂದು ನಿಮಿಷ ಸುಮ್ಮನೆ ನಿಲ್ಲದ ಕಾಲು. ಇವೆರಡನ್ನೂ ನೋಡಿ ಸ್ಪ್ರಿಂಗ್ ಎಂದು ಕರೆದವಳು ಅಜ್ಜಿಯೇ.

ಅಜ್ಜಿಗೆ ಮೊದಲು ಫೋಟೋ ಸ್ಟುಡಿಯೋ ಇತ್ತು. ಸ್ಪ್ರಿಂಗ್ ಹುಟ್ಟಿದ ವರ್ಷವೇ ನಡುಮನೆಯ ಗೋಡೆಗೆ ಸಾಲಾಗಿ ಹತ್ತು ಮೊಳೆ ಹೊಡೆದಿದ್ದಳು. ವರ್ಷಕ್ಕೊಂದು ಫೋಟೋ, ಮೊಳೆಗೊಂದು ಫ್ರೇಮು. ಆರು ಮೊಳೆ ತುಂಬಿದ ಮೇಲೆ ಅಜ್ಜಿಯ ಕಣ್ಣು ಕೈಕೊಟ್ಟಿತು. ಅಂಚಿನಲ್ಲಿ ಎಲ್ಲ ಕಾಣುತ್ತಿತ್ತು, ನಡುವೆ ಮಾತ್ರ ಮಬ್ಬು. ಯಾರ ಮುಖ ನೋಡಿದರೂ ಮುಖವೇ ಕಾಣದು. ಅಜ್ಜಿ ಸ್ಟುಡಿಯೋ ಮುಚ್ಚಿದಳು. ಉಳಿದ ನಾಲ್ಕು ಮೊಳೆಗಳು ಬೋಳಾಗಿಯೇ ಉಳಿದವು.

“ಹತ್ತನೇದಾದ್ರೂ ನೀನೇ ತೆಗೀಬೇಕು ಅಜ್ಜಿ. ಬೇರೆ ಯಾರೂ ಬೇಡ,” ಎಂದು ಸ್ಪ್ರಿಂಗ್ ಒಂದು ತಿಂಗಳಿಂದ ಪ್ರಾಣ ತಿಂದಿದ್ದಳು. ಕೊನೆಗೆ ಅಜ್ಜಿ ಒಪ್ಪಿದ್ದಳು. ಮೂರೇ ಮೂರು ಫೋಟೋ, ಒಂದೂ ಸರಿಬರದಿದ್ದರೆ ಮತ್ತೆ ಕೇಳಬಾರದು ಅಂತ.

“ಫೋಕಸ್ ನಾನು ಮಾಡ್ತೀನಮ್ಮ. ನೀನು ಬಟನ್ ಒತ್ತು ಸಾಕು,” ಎಂದ ಚಿಕ್ಕಪ್ಪ.

“ಹಾಗಾದ್ರೆ ಅದು ನಿನ್ನ ಫೋಟೋ ಆಗುತ್ತೆ. ಸುಮ್ನಿರು,” ಎಂದು ಅಜ್ಜಿ ಪೆಟ್ಟಿಗೆಯಿಂದ ಒಂದು ದಾರ ತೆಗೆದಳು. ದಾರಕ್ಕೆ ಒಂದೇ ಒಂದು ಗಂಟು. ಒಂದು ತುದಿ ಲೆನ್ಸಿನ ಹತ್ತಿರ ಹಿಡಿದರೆ, ಗಂಟು ಇರುವ ಜಾಗ ಸರಿಯಾಗಿ ಆರು ಅಡಿ. ಲೆನ್ಸಿನ ಮೇಲೂ ಆರು ಅಡಿಯ ಫೋಕಸ್ ಗುರುತಿನಲ್ಲಿ ಅಜ್ಜಿ ಎಂದೋ ಒಂದು ಗೀರು ಹಾಕಿದ್ದಳು. ಕಣ್ಣು ಮುಚ್ಚಿದರೂ ಉಗುರಿಗೆ ಸಿಗುವಂಥ ಗೀರು.

“ಗಂಟಿಗೆ ಮೂಗು ತಾಗಿಸಿ ನಿಲ್ಲು. ಲೆನ್ಸ್‌ಗೂ ನಿಂಗೂ ಆರು ಅಡಿ. ಅಲ್ಲಾಡಿದ್ರೆ ನೋಡು!”

ಸ್ಪ್ರಿಂಗ್ ಗಂಟಿಗೆ ಮೂಗು ತಾಗಿಸಿ, ಉಸಿರು ಬಿಗಿಹಿಡಿದು ನಿಂತಳು. ಅಜ್ಜಿ ಲೆನ್ಸನ್ನು ಗೀರಿನವರೆಗೆ ತಿರುಗಿಸಿ, ದಾರ ಬಿಟ್ಟು ಬಟನ್ ಒತ್ತಿದಳು. ಕ್ಲಿಕ್.

ಎರಡನೆಯ ಸಲಕ್ಕೆ ಸ್ಪ್ರಿಂಗಿಗೆ ಸೀನು ಬಂತು. “ತಾಳು ಅಜ್ಜಿ, ತಾಳು!” ಎಂದು ಅಂಗೈ ಮುಂದೆ ಚಾಚಿದಳು. ಅಷ್ಟರಲ್ಲಿ ಕ್ಲಿಕ್. ಮೂರನೆಯದಕ್ಕೆ ಮತ್ತೆ ಸರಿಯಾಗಿ ನಿಂತಳು.

“ರೆಪ್ಪೆ ಎಣಿಸಬಹುದಾ?” ಅಜ್ಜಿ ಕೇಳಿದಳು. ಸ್ಟುಡಿಯೋದಲ್ಲಿ ಅವಳ ಪರೀಕ್ಷೆ ಅದೇ ಆಗಿತ್ತು. ಕಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಎಣಿಸುವ ಹಾಗಿದ್ದರೆ ಪಾಸು.

ಸ್ಪ್ರಿಂಗ್ ಓಡಿಬಂದು ಸ್ಕ್ರೀನ್ ನೋಡಿದಳು. ಹಬೆ ಹಿಡಿದ ಕನ್ನಡಿಯೊಳಗೆ ನಿಂತ ಹಾಗೆ ಅವಳ ಮುಖ ಮಸಕು ಮಸಕು. ಮೂರರಲ್ಲೂ ಅಷ್ಟೇ. ಚಿಕ್ಕಪ್ಪ ಅವಳ ಮುಖ ನೋಡಿದ, ಅವಳು ಚಿಕ್ಕಪ್ಪನ ಮುಖ ನೋಡಿದಳು.

“ಹೂಂ ಅಜ್ಜಿ... ಎಣಿಸಬಹುದು. ಸೂಪರ್ ಆಗಿದೆ.”

“ಎಣಿಸು ನೋಡೋಣ.”

ಸ್ಪ್ರಿಂಗ್ ಸ್ಕ್ರೀನಿಗೆ ಬಗ್ಗಿ ಹುಡುಕಿದಳು, ಎಣಿಸಲು ಒಂದು ರೆಪ್ಪೆಯೂ ಸಿಗಲಿಲ್ಲ.

“ಇವಳು ಅಲ್ಲಾಡಿದಳಮ್ಮ,” ಚಿಕ್ಕಪ್ಪ ಅಂದ.

“ಇಲ್ಲ ಬಿಡು. ನನ್ನ ಕೈಯೇ ಎಲ್ಲೋ ತಪ್ಪಿರಬೇಕು. ಕಣ್ಣು ಹೋಯ್ತು, ಕೈ ನೆಟ್ಟಗಿದೆ ಅಂದ್ಕೊಂಡಿದ್ದೆ. ಅದೂ ಹೋಯ್ತು.” ಅಜ್ಜಿ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. “ಆ ನಾಲ್ಕು ಮೊಳೆ ಕಿತ್ತುಬಿಡೋ. ಸುಮ್ಮನೆ ಯಾಕೆ ಗೋಡೆ ಮೇಲೆ?” ಎಂದವಳೇ ಒಳಗೆ ಹೋಗಿ ಬಟ್ಟೆ ಮಡಚುತ್ತಾ ಕೂತಳು.

ಸ್ಪ್ರಿಂಗಿಗೆ ತನ್ನ ಮೇಲೇ ಸಿಟ್ಟು ಬಂತು. ತಾನು ಹಟ ಮಾಡದಿದ್ದರೆ ಅಜ್ಜಿ ಇಷ್ಟು ಬೇಜಾರು ಮಾಡಿಕೊಳ್ಳುತ್ತಲೇ ಇರಲಿಲ್ಲ. ಚಿಕ್ಕಪ್ಪ ಇಕ್ಕಳ ಹುಡುಕುತ್ತಿದ್ದ. ಎದುರಿಗೇ ಇದ್ದ ಇಕ್ಕಳವನ್ನು ಮೂರು ಸಲ ದಾಟಿಹೋದ.

ಕೆಟ್ಟ ಫೋಟೋಗಳನ್ನು ಅಳಿಸಿಬಿಡೋಣ ಎಂದು ಸ್ಪ್ರಿಂಗ್ ಟ್ರೈಪಾಡಿನಿಂದ ಕ್ಯಾಮೆರಾ ಬಿಚ್ಚಿಕೊಂಡಳು. ಮೂರನೆಯದು ಡಿಲೀಟ್. ಎರಡನೆಯದು ಬಂತು. ಸೀನಿನ ಫೋಟೋ. ಮುಖ ಮಸಕು. ಆದರೆ ಮುಂದೆ ಚಾಚಿದ ಅಂಗೈ...

ಅವಳು ಜೂಮ್ ಮಾಡಿದಳು. ಮರೆಯಬಾರದೆಂದು ಬೆಳಿಗ್ಗೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು, ‘ಲೈಬ್ರರಿ ಬುಕ್ ವಾಪಸ್’ ಅಂತ. ಅದು ಒಂದಕ್ಷರ ಬಿಡದೆ ಓದಲು ಬರುತ್ತಿತ್ತು! ಕೈಯ ಗೆರೆಗಳೂ ಎಣಿಸುವ ಹಾಗಿದ್ದವು.

“ಅಜ್ಜೀ!” ಅವಳು ಕ್ಯಾಮೆರಾ ಸಮೇತ ಒಳಗೆ ಓಡಿದಳು. “ಇಲ್ಲಿ ನೋಡು!”

ನೋಡು ಅಂದಮೇಲೆ ನಾಲಗೆ ಕಚ್ಚಿಕೊಂಡಳು. ಅಜ್ಜಿಗೆ ಸ್ಕ್ರೀನ್ ಕಾಣುವುದಿಲ್ಲ. ಹಾಗಾಗಿ ಅಜ್ಜಿಯ ಎದುರಿಗೆ ನಿಂತು, ಆಗ ಚಾಚಿದ್ದ ಹಾಗೆಯೇ ಅಂಗೈ ಚಾಚಿದಳು.

“ನನ್ನ ಮೂಗು ಮಸಕು ಬಂದಿದೆ. ಈ ಕೈ ಮಾತ್ರ ಸೂಪರ್ ಆಗಿ ಬಂದಿದೆ. ಈ ಸಲ ನಿಜವಾಗ್ಲೂ!”

ಅಜ್ಜಿ ಮಡಚುತ್ತಿದ್ದ ಟವೆಲ್ ಬಿಟ್ಟಳು. ಕೈ ನೀಡಿ ಸ್ಪ್ರಿಂಗಿನ ಮೂಗಿನ ತುದಿಗೆ ಹೆಬ್ಬೆರಳು ಇಟ್ಟಳು. ಕಿರುಬೆರಳು ಚಾಚಿದಳು. ಅದು ಸರಿಯಾಗಿ ಅಂಗೈಗೆ ಹೋಗಿ ಮುಟ್ಟಿತು.

“ಒಂದು ಗೇಣು,” ಎಂದಳು. ಆಮೇಲೆ ಮತ್ತೆ, “ಒಂದು ಗೇಣು!”

ಕ್ಯಾಮೆರಾ ತೆಗೆದುಕೊಂಡು, ಲೆನ್ಸ್ ಬಿಚ್ಚಿ, ರಿಂಗಿನ ಸುತ್ತ ಉಗುರು ಆಡಿಸಿದಳು. “ಏನೋ, ಎಲ್ಲಿ ಸಿಕ್ತೋ ನಿನಗೆ ಈ ದರಿದ್ರ ರಿಂಗು? ದಪ್ಪ ಇದೆ ಇದು!”

“ಎಲ್ಲೋ ಕೂದಲೆಳೆಯಷ್ಟು ಇರಬಹುದಮ್ಮ,” ಚಿಕ್ಕಪ್ಪ ಇಕ್ಕಳ ಹಿಡಿದೇ ಓಡಿಬಂದ.

“ಅಷ್ಟೇ ಸಾಕು! ಲೆನ್ಸ್ ಕೂದಲೆಳೆಯಷ್ಟು ಮುಂದೆ ಕೂತರೆ, ಗೇಣು ಹತ್ತಿರದ್ದನ್ನ ನೋಡುತ್ತೆ. ಗೀರು ಆರಡಿ ಅಂತ ಹೇಳುತ್ತೆ, ಅದು ಮಾತ್ರ ಐದೂಕಾಲು ಅಡೀಲಿ ನೋಡ್ತಾ ಕೂತಿದೆ, ಕಳ್ಳ!”

“ಹಾಗಾದ್ರೆ ನಿನ್ನ ದಾರ ತಪ್ಪಲ್ಲ?” ಸ್ಪ್ರಿಂಗ್ ಕುಣಿದಳು. “ನಿನ್ನ ಕೈನೂ ತಪ್ಪಲ್ಲ!”

“ಅಲ್ಲ ಕಣೇ. ನನ್ನ ಕೈ ತಪ್ಪಲ್ಲ.” ಅಜ್ಜಿ ಕಣ್ಣೊರೆಸಿಕೊಂಡಳು, ಆಮೇಲೆ ಗದರಿದಳು. “ಕುಣಿದಿದ್ದು ಸಾಕು, ದಾರ ತಗೊಂಡು ಬಾ!”

ಹಳೆಯ ಗಂಟನ್ನು ಬಿಚ್ಚಲಿಲ್ಲ. ಅಲ್ಲಿಂದ ಲೆನ್ಸಿನ ಕಡೆಗೆ ಒಂದು ಗೇಣು ಅಳೆದು, ಹೊಸ ಗಂಟನ್ನು ಸ್ಪ್ರಿಂಗೇ ಹಾಕಿದಳು. ಚಿಕ್ಕಪ್ಪ ಲೆನ್ಸ್ ಮತ್ತೆ ಕೂರಿಸಿ ಕ್ಯಾಮೆರಾವನ್ನು ಟ್ರೈಪಾಡಿಗೆ ಏರಿಸಿದ. ಅಜ್ಜಿ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, “ನಡಿ, ಗೋಡೆ ಹತ್ತಿರ,” ಎಂದಳು.

ಮೂಗು ಹೊಸ ಗಂಟಿಗೆ. ಅಜ್ಜಿಯ ಉಗುರು ಹಳೆಯ ಗೀರಿಗೆ. ಚಿಕ್ಕಪ್ಪ ಇಕ್ಕಳವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತ. ಕ್ಲಿಕ್.

ಸ್ಪ್ರಿಂಗ್ ಬಂದು ನೋಡಿದಳು. ಜೂಮ್ ಮಾಡಿದಳು. ಅಜ್ಜಿ ಟ್ರೈಪಾಡಿನ ಕಾಲು ಹಿಡಿದು ನಿಂತಿದ್ದಳು.

“ಒಂದು,” ಎಂದಳು ಸ್ಪ್ರಿಂಗ್. “ಎರಡು. ಮೂರು. ನಾಲ್ಕು...”

ಹತ್ತಾಯಿತು. ಇಪ್ಪತ್ತಾಯಿತು. ಇಷ್ಟು ಸಾಕಲ್ಲ ಎಂದುಕೊಂಡು ತಲೆ ಎತ್ತಿದಳು. ಅಜ್ಜಿ ಕಣ್ಣು ಮುಚ್ಚಿದ್ದಳು. ಮುಂದಿನ ಎಣಿಕೆಗೆ ಕಾಯುತ್ತಾ ಅವಳ ಮುಖ ಅರಳಿತ್ತು. ಅಜ್ಜಿ ಫೋಟೋ ನೋಡುತ್ತಿದ್ದಾಳೆ ಅಂತ ಸ್ಪ್ರಿಂಗಿಗೆ ಹೊಳೆಯಿತು.

ಅವಳು ಮತ್ತೆ ಸ್ಕ್ರೀನಿಗೆ ಬಗ್ಗಿದಳು. ಕಾಲು ಅಲ್ಲಾಡಿಸದೆ, ಒಂದೂ ಬಿಡದೆ, ನಿಧಾನವಾಗಿ ಎಣಿಸಿದಳು.

“ಇಪ್ಪತ್ತೊಂದು, ಅಜ್ಜಿ. ಇಪ್ಪತ್ತೆರಡು...”